ಸೊಪ್ಪಿನ ಹೊರೆಯ ಲೆಕ್ಕ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮೂಡುಬಿದಿರೆಯ ನಮ್ಮ ತರಗತಿಯಲ್ಲಿ ನಾವು ಪರಮಾಣುಗಳನ್ನು ತೂಗುವ ಉಪಕರಣದ ವಿಚಾರವನ್ನು ಪಾಠ ಹೇಳುತ್ತಿದ್ದೆವು. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿಯೂ ಹಗುರವಾದವು, ಭಾರವಾದವು ಎಂಬ ಭೇದವುಂಟು. ಅವಕ್ಕೆ ಸಮಸ್ಥಾನಿಗಳು ಅಥವಾ ಐಸೊಟೋಪುಗಳೆಂದು ಹೆಸರು. ಪಾಠ ಮುಗಿಯುವ ಹೊತ್ತಿಗೆ ಬೆಳ್ತಂಗಡಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನಮ್ಮ ತಂದೆ ಅಡಿಕೆಗೆ ಯೂರಿಯ ಹಾಕುತ್ತಾರೆ, ನೆರೆಮನೆಯವರು ಸಾವಯವದವರು. ಸೆಗಣಿಯ ಸಾರಜನಕ ಬೇರೆ, ಯೂರಿಯದ ಸಾರಜನಕ ಬೇರೆ ಎಂದು ಮರಕ್ಕೆ ಗೊತ್ತಾಗುತ್ತದೆಯೇ?” ಎಂದು ಕೇಳಿದಳು. ತರಗತಿ ನಕ್ಕಿತು. ನಾವು ನಗಲಿಲ್ಲ. ಪ್ರಶ್ನೆ ಚೆನ್ನಾಗಿತ್ತು, ಅದಕ್ಕೆ ಭೌತವಿಜ್ಞಾನ ಕೊಡಬಲ್ಲ ಉತ್ತರ ಅರ್ಧಕ್ಕೇ ನಿಲ್ಲುತ್ತದೆಂಬುದು ಆ ಕ್ಷಣದಲ್ಲಿಯೇ ನಮಗೆ ಹೊಳೆದಿತ್ತು.

ಮೊದಲು ‘ಸಾವಯವ’ ಎಂಬ ಶಬ್ದವನ್ನೇ ನೋಡೋಣ. ರಸಾಯನಶಾಸ್ತ್ರದ ಪಠ್ಯಪುಸ್ತಕದಲ್ಲಿ ಇಂಗಾಲದ ಸಂಯುಕ್ತಗಳಿಗೆ ಸಾವಯವ ವಸ್ತುಗಳೆಂದು ಹೆಸರು. ಆ ಲೆಕ್ಕದಲ್ಲಿ ಯೂರಿಯ ಅಚ್ಚ ಸಾವಯವ ವಸ್ತು. ಜೀವಿಯ ದೇಹದಲ್ಲಿ ಮಾತ್ರ ಹುಟ್ಟಬಲ್ಲುದೆಂದು ಜನರು ನಂಬಿದ್ದ ಇದನ್ನು 1828ರಲ್ಲಿ ವೋಲರ್ ಎಂಬ ಜರ್ಮನ್ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ತಯಾರಿಸಿದುದರಿಂದಲೇ ಆ ಶಾಸ್ತ್ರಕ್ಕೆ ಹೊಸ ದಾರಿ ತೆರೆಯಿತು. ಎಂಡೋಸಲ್ಫಾನ್ ಎಂಬ ವಿಷವೂ ಅದೇ ಅರ್ಥದಲ್ಲಿ ಸಾವಯವ. ಇತ್ತ, ಅಡಿಕೆಯ ಕೊಳೆರೋಗಕ್ಕೆ ನಮ್ಮವರು ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತು ನಿರವಯವ ವಸ್ತು. ಆದರೆ ಸಾವಯವ ಬೇಸಾಯದ ನಿಯಮಗಳಲ್ಲಿ ಮಿತಿಗೊಳಪಟ್ಟು ಅದಕ್ಕೆ ಅನುಮತಿಯುಂಟು. ಪರೀಕ್ಷೆಯಲ್ಲಿ ಈ ಎರಡು ಅರ್ಥಗಳನ್ನು ಕಲಸಿದವರಿಗೆ ಅಂಕ ಸಿಗಲಾರದು. ಬೇಸಾಯದಲ್ಲಿ ಸಾವಯವವೆಂಬ ಮಾತು ವಸ್ತುವಿನ ರಚನೆಗಿಂತ ಹೆಚ್ಚಾಗಿ ಮನುಷ್ಯರು ನಡೆದುಕೊಳ್ಳುವ ರೀತಿಯನ್ನು ಹೇಳುವ ಮಾತಾಗಿದೆ.

ಇನ್ನು ವಿದ್ಯಾರ್ಥಿನಿಯ ಪ್ರಶ್ನೆ. ಸೆಗಣಿ, ಸೊಪ್ಪು, ಯೂರಿಯ ಯಾವುದೇ ಇರಲಿ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಂ ಮತ್ತು ನೈಟ್ರೇಟುಗಳನ್ನಾಗಿ ಮಾಡುತ್ತವೆ; ಬೇರು ಮುಖ್ಯವಾಗಿ ಹೀರಿಕೊಳ್ಳುವುದು ಇವನ್ನೇ. ನೈಟ್ರೇಟಿನ ಮೈಮೇಲೆ ತಯಾರಕನ ಮುದ್ರೆಯಿಲ್ಲ. ಆದರೂ ಬಲು ಮಂದವಾದ ಒಂದು ಗುರುತು ಉಳಿದಿರುತ್ತದೆ. ಗಾಳಿಯಲ್ಲಿರುವ ಸಾರಜನಕದಲ್ಲಿ ಸಾವಿರಕ್ಕೆ ಮೂರೂವರೆಗಿಂತ ತುಸು ಹೆಚ್ಚು ಪರಮಾಣುಗಳ ತೂಕ 15, ಉಳಿದವುಗಳದು 14. ಕಾರ್ಖಾನೆಯ ಗೊಬ್ಬರಕ್ಕೆ ಸಾರಜನಕ ನೇರವಾಗಿ ಗಾಳಿಯಿಂದ ಬರುವುದರಿಂದ ಅದರಲ್ಲಿಯೂ ಪ್ರಮಾಣ ಹೆಚ್ಚು ಕಡಮೆ ಅಷ್ಟೇ. ಹಟ್ಟಿಗೊಬ್ಬರದಲ್ಲಾದರೋ ಹಗುರವಾದ ಸಾರಜನಕವುಳ್ಳ ಅಮೋನಿಯ ಮೊದಲು ಆವಿಯಾಗಿ ಹಾರಿಹೋಗಿ, ಭಾರವಾದುದು ಸ್ವಲ್ಪ ಹೆಚ್ಚಾಗಿ ಹಿಂದೆ ಉಳಿಯುತ್ತದೆ. ಹಟ್ಟಿಯ ಬಾಗಿಲಲ್ಲಿ ನಿಂತಾಗ ಮೂಗಿಗೆ ಹೊಡೆಯುವ ಆ ಘಾಟು ಒಂದು ಬಗೆಯ ಸಮಸ್ಥಾನಿ ವಿಂಗಡಣೆಯೇ ಸರಿ! ಬೆಳೆಯ ಎಲೆಯನ್ನು ಸುಟ್ಟು ಪರಮಾಣುಗಳನ್ನು ತೂಗಿದರೆ ಈ ವ್ಯತ್ಯಾಸ ಕಾಣುವುದುಂಟು. ಆದರೆ ಅವಡೆ, ಸೆಣಬು ಮೊದಲಾದ ದ್ವಿದಳ ಸಸ್ಯಗಳ ಬೇರುಗಂಟುಗಳೂ ಗಾಳಿಯ ಸಾರಜನಕವನ್ನೇ ಹಿಡಿಯುವುದರಿಂದ, ಹಸುರೆಲೆ ಗೊಬ್ಬರವನ್ನು ಹಾಕಿದ ಪ್ರಾಮಾಣಿಕ ರೈತನ ಬೆಳೆ ಯೂರಿಯ ಹಾಕಿದಂತೆಯೇ ತೋರಬಹುದು. ಯಂತ್ರ ಸಂಶಯವನ್ನು ಹುಟ್ಟಿಸಬಲ್ಲುದು, ತೀರ್ಪು ಕೊಡಲಾರದು.

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವಿದ್ದೂ ಗಿಡಗಳು ಅದಕ್ಕಾಗಿ ಹಸಿದಿರುವುದೇಕೆ? ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಈ ಬಂಧವನ್ನು ಸಿಡಿಲು ಬಿಡಿಸುತ್ತದೆ, ಬೇರುಗಂಟಿನ ಸೂಕ್ಷ್ಮಜೀವಿ ಬಿಡಿಸುತ್ತದೆ; 20ನೆಯ ಶತಮಾನದ ಆದಿಯಲ್ಲಿ ಹೇಬರ್ ಮತ್ತು ಬಾಷ್ ಎಂಬ ಇಬ್ಬರು ಮನುಷ್ಯನೂ ಬಿಡಿಸುವಂತೆ ಮಾಡಿದರು. 1913ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಈ ವಿಧಾನದ ಮೊದಲ ಕಾರ್ಖಾನೆ ಕೆಲಸ ಆರಂಭಿಸಿತು. 400ರಿಂದ 500 ಡಿಗ್ರಿ ಉಷ್ಣತೆ, ವಾಯುಮಂಡಲದ ನೂರೈವತ್ತು, ಇನ್ನೂರು ಪಟ್ಟು ಒತ್ತಡ. ಅದಕ್ಕೆ ತಕ್ಕ ಇಂಧನ. ಇಂದು ಪ್ರಪಂಚದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅನ್ನ ಈ ವಿಧಾನವನ್ನು ನೆಚ್ಚಿಕೊಂಡಿದೆಯೆಂದು ಅಂದಾಜು. ನಮ್ಮ ಈ ಮೂರು ತಾಲೂಕುಗಳ ಪಶ್ಚಿಮಕ್ಕೆ, ಮಂಗಳೂರಿನ ಪಣಂಬೂರಿನಲ್ಲಿ, 1976ರಿಂದ ಯೂರಿಯ ತಯಾರಾಗುತ್ತಿದೆ. ಮೊದಲು ನಾಫ್ತಾದಿಂದ, ಈಚೆಗೆ ಕೊಚ್ಚಿಯಿಂದ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಆದುದರಿಂದ ಯೂರಿಯವನ್ನು ಬೈಯುವ ಮುನ್ನ ನಾವು ಯಾರ ಅನ್ನದ ವಿಷಯ ಮಾತಾಡುತ್ತಿದ್ದೇವೆಂಬುದನ್ನು ನೆನೆಯುವುದು ಲೇಸು.

ಈಗ ಒಂದು ಸಣ್ಣ ಲೆಕ್ಕ. ಓದುಗರು ಕಾಗದ ಪೆನ್ಸಿಲು ಹಿಡಿದು ನಮ್ಮೊಡನೆ ಮಾಡಬೇಕೆಂದು ಕೋರಿಕೆ. ಒಂದು ಮೂಟೆ ಯೂರಿಯದ ತೂಕ 45 ಕಿಲೋಗ್ರಾಂ. ಅದರಲ್ಲಿ ಶೇಕಡ 46 ಸಾರಜನಕ, ಅಂದರೆ 20 ಕಿಲೋಗ್ರಾಮಿಗಿಂತ ತುಸು ಹೆಚ್ಚು. ಸಾಧಾರಣ ಹಟ್ಟಿಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧ. ಅಷ್ಟೇ ಸಾರಜನಕಕ್ಕೆ ನಾಲ್ಕು ಟನ್ನಿಗಿಂತ ಹೆಚ್ಚು ಗೊಬ್ಬರ ಬೇಕು. ತಲೆಹೊರೆ ಒಂದಕ್ಕೆ 25 ಕಿಲೋಗ್ರಾಮಿನಂತೆ ಹಿಡಿದರೆ 165 ಹೊರೆಗಳು. ನಮ್ಮ ತೋಟಗಳು ಬಯಲಿನ ಚೌಕಗಳಲ್ಲ. ಗುಡ್ಡದ ಬುಡದಲ್ಲಿ, ತೋಡಿನ ಬದಿಯಲ್ಲಿ, ಕಟ್ಟಪುಣಿಯ ಮೇಲೆ ಕಾಲಿಟ್ಟು ಇಳಿಯಬೇಕಾದ ಜಾಗಗಳು. ಒಂದು ಮೂಟೆಯನ್ನು ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾನೆ. ಅದರ ಬದಲಿಗೆ ಯಾರೋ 165 ಸಾರಿ ಇಳಿದು ಹತ್ತಬೇಕು.

ಈ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲವೆಂದು ಕೃಷಿ ಬಲ್ಲವರು ಆಕ್ಷೇಪಿಸುವರು, ಆಕ್ಷೇಪ ಸರಿಯೇ. ಹಟ್ಟಿಗೊಬ್ಬರವೆಂದರೆ ಸಾರಜನಕ ಮಾತ್ರವಲ್ಲ. ಅದು ಮಣ್ಣಿಗೆ ಇಂಗಾಲವನ್ನು, ಎರೆಹುಳಕ್ಕೆ ಅನ್ನವನ್ನು, ನೀರಿಗೆ ತಂಗಲು ಎಡೆಯನ್ನು ಕೊಡುತ್ತದೆ. ವರುಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಂಬಿಟ್ಟಿಗೆಯ ಮಣ್ಣಿನಲ್ಲಿ, ಆಟಿ ತಿಂಗಳ ಮಳೆಗೆ ಮುನ್ನ ಎರಚಿದ ಯೂರಿಯದ ಬಹುಭಾಗ ನೈಟ್ರೇಟಾಗಿ ತೋಡಿಗೆ, ತೋಡಿನಿಂದ ನೇತ್ರಾವತಿಗೆ ಹೋಗುವ ಸಂಭವವೇ ಹೆಚ್ಚು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಇರುವ ಅಡಿಕೆ ಸಂಶೋಧನ ಕೇಂದ್ರದವರು ಇದನ್ನರಿತೇ ಮರವೊಂದಕ್ಕೆ ವರುಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕಾಂಶ, 140 ಗ್ರಾಂ ಪೊಟ್ಯಾಷ್ ಎಂದು ಹೇಳುವಾಗ, ಅದರೊಡನೆ ಹನ್ನೆರಡು ಕಿಲೋಗ್ರಾಂ ಹಸುರು ಸೊಪ್ಪು, ಹನ್ನೆರಡು ಕಿಲೋಗ್ರಾಂ ಕಾಂಪೋಸ್ಟು ಎಂದೂ ಸೇರಿಸಿದರು. ನಮ್ಮವರು ಶಿಫಾರಸಿನ ಮೊದಲರ್ಧವನ್ನು ಓದಿ ಎರಡನೆಯ ಅರ್ಧವನ್ನು ಮಡಿಸಿಟ್ಟರು. ಕಾರಣ ಅಜ್ಞಾನವಲ್ಲ. ಆ ಸೊಪ್ಪನ್ನು ತರುವವರು ಯಾರು?

ಹಿಂದೆ ತರುತ್ತಿದ್ದವರು ಯಾರೆಂಬುದನ್ನು ತಿಳಿಯಬೇಕಾದರೆ ಕುಮ್ಕಿಯ ಕಡೆಗೆ ಹೋಗಬೇಕು. ದಕ್ಷಿಣ ಕನ್ನಡದ ವಿದ್ಯಾರ್ಥಿಗಳಿಗೆ ಈ ಶಬ್ದ ಭೂವ್ಯಾಜ್ಯದ ಸುದ್ದಿಗಳಲ್ಲಿ ಮಾತ್ರ ಕೇಳಿರಬಹುದು. ವರ್ಗದ ಸಾಗುವಳಿ ಭೂಮಿಯ ಗಡಿಯಿಂದ ನೂರು ಗಜದವರೆಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ಕೃಷಿಯ ಉಪಯೋಗಕ್ಕೆ ತರುವ ಸವಲತ್ತೇ ಕುಮ್ಕಿ. ಮದರಾಸು ಸರಕಾರದ ಕಾಲದಿಂದ ಬಂದ ಈ ಹಕ್ಕನ್ನು 1964ರ ಭೂಕಂದಾಯ ಕಾಯಿದೆಯೂ ಉಳಿಸಿಕೊಂಡಿತು. ಇದನ್ನು ಮೊದಲು ಬರೆದವರು ಯಾರೇ ಇರಲಿ, ಗದ್ದೆಯೊಂದು ತಾನೇ ತಾನಾಗಿ ಬದುಕಲಾರದು, ಅದರ ಬೆನ್ನಿಗೆ ಒಂದು ಗುಡ್ಡ ಬೇಕು ಎಂಬ ಪ್ರಕೃತಿಯ ಲೆಕ್ಕವನ್ನು ಚೆನ್ನಾಗಿ ತಿಳಿದಿದ್ದರು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು ಈ ಹಾದಿಯಲ್ಲಿಯೇ ಉಂಡವು. ಆಗ ಇಡೀ ಜಿಲ್ಲೆಯೇ ಸಾವಯವ.

ಇಲ್ಲಿಗೆ ಬಂದು ಹಲವು ಲೇಖಕರು ಕಣ್ಣು ಮುಚ್ಚಿ, ಆ ಸುವರ್ಣಯುಗವನ್ನು ನೆನೆದು ನಿಟ್ಟುಸಿರು ಬಿಡುವುದುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಗುಡ್ಡದಿಂದ ಹಟ್ಟಿಗೆ, ಹಟ್ಟಿಯಿಂದ ಗದ್ದೆಗೆ ಆ ಹೊರೆಗಳು ಹಾರಿ ಬರಲಿಲ್ಲ. ಅವನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಆ ಗದ್ದೆಯಲ್ಲಿ ಹಕ್ಕಿರಲಿಲ್ಲ. ಚಾಲಗೇಣಿಯ ಒಕ್ಕಲು ಧಣಿಗಳ ಮನಸ್ಸು ತಿರುಗಿದರೆ ಎದ್ದುಹೋಗಬೇಕಾದವನು. ಆಳಿಗೆ ಆ ಮಟ್ಟಿಗಿನ ನೆಲೆಯೂ ಇಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಜಿಲ್ಲೆಯಲ್ಲಿ ಅಸಂಖ್ಯ ಒಕ್ಕಲುಗಳನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅವರ ಮಕ್ಕಳು ಶಾಲೆಗೆ ಹೋದರು, ಮುಂಬಯಿಗೆ ಹೋದರು, ಕೊಲ್ಲಿಯ ದೇಶಗಳಿಗೆ ಹೋದರು. ಸೊಪ್ಪಿನ ಹೊರೆ ನೆಲದಲ್ಲಿಯೇ ಉಳಿಯಿತು. ಕುಮ್ಕಿಗಳಲ್ಲಿ ರಬ್ಬರ್ ಬಂತು, ಗದ್ದೆಗಳಿಗೆ ಮಣ್ಣು ತುಂಬಿ ಅಡಿಕೆ ನೆಟ್ಟರು. ಮೂಡುಬಿದಿರೆಯಲ್ಲಿ ಕಂಬಳದ ಕೋಣಗಳು ಇಂದಿಗೂ ಓಡುತ್ತವೆ. ಅವುಗಳ ಹಿಂದೆ ಬಿತ್ತಬೇಕಾದ ಗದ್ದೆಯನ್ನು ಹುಡುಕಿದರೆ ಮಾತ್ರ ಸಿಕ್ಕೀತು. ಹಳೆಯ ಬೇಸಾಯ ಸಾವಯವವಾಗಿದ್ದುದು ಆ ಸಮಾಜ ಮಣ್ಣನ್ನು ಗೌರವಿಸಿದ್ದರಿಂದ ಎನ್ನುವುದು ಅರ್ಧ ಸತ್ಯ. ಮನುಷ್ಯನ ಬೆನ್ನಿಗೆ ಬೆಲೆ ಕಟ್ಟದೆ ಇದ್ದುದರಿಂದಲೂ ಹೌದು.

ಹಾಗೆಂದ ಮಾತ್ರಕ್ಕೆ ಹೊಸ ಬೇಸಾಯ ಹೊಸ ನ್ಯಾಯವನ್ನು ತಂದಿತೆ? ಬೆಳ್ತಂಗಡಿ ತಾಲೂಕಿನ ಕೊಕ್ಕಡಕ್ಕೆ ಹೋಗಿ ಬಂದವರು ಹಾಗೆ ಹೇಳಲಾರರು. ಗೇರು ಹೂ ಬಿಡುವ ಕಾಲಕ್ಕೆ ಅದರ ಎಳೆಗೊಂಚಲನ್ನು ಹೀರುವ ಒಂದು ಬಗೆಯ ತಿಗಣೆಯುಂಟು. ಅದನ್ನು ಚಹಾ ಸೊಳ್ಳೆ ಎಂದು ಕರೆಯುತ್ತಾರೆ. ಅದನ್ನು ಕೊಲ್ಲಲು 1980ರ ದಶಕದಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿದರು. ಗಡಿಯಾಚೆ ಕಾಸರಗೋಡಿನ ಪಡ್ರೆ, ಸ್ವರ್ಗ ಮುಂತಾದ ಹಳ್ಳಿಗಳಲ್ಲಿ ಇದು ಇನ್ನೂ ಮುಂಚೆಯೇ ಆರಂಭವಾಗಿತ್ತು. ಈ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಮಣ್ಣಿನಲ್ಲಿ ಇದು ಒಡೆದು ಹುಟ್ಟುವ ಸಲ್ಫೇಟ್ ರೂಪವೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದು. ತೋಟಗಳ ಕೆಳಗೆ ತೆರೆದ ಬಾವಿಗಳಿದ್ದವು, ತೋಡುಗಳಿದ್ದವು, ಅಂಗಳದಲ್ಲಿ ಆಡುವ ಮಕ್ಕಳಿದ್ದರು. ಕಾಸರಗೋಡಿನಲ್ಲಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ತಾವು ಕಂಡುದನ್ನು ಬರೆದರು, ಬರೆಯುತ್ತಲೇ ಹೋದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಅದಕ್ಕೆ ಮೊದಲಿನ ವರುಷಗಳಲ್ಲಿ ನಡೆದ ವಾದವನ್ನು ವಿಜ್ಞಾನದ ವಿದ್ಯಾರ್ಥಿಗಳು ಓದತಕ್ಕದ್ದು. ಇಂಥ ರೋಗಕ್ಕೆ ಇದೇ ಕಾರಣವೆಂದು ಹೇಗೆ ಹೇಳುತ್ತೀರಿ, ಬೇರೆ ಕಾರಣವಿರಬಾರದೇಕೆ ಎಂಬ ಪ್ರಶ್ನೆಗಳು ವಿಜ್ಞಾನದ ಪ್ರಶ್ನೆಗಳೇ. ಅವನ್ನು ಕೇಳುವುದು ತಪ್ಪಲ್ಲ. ತಪ್ಪಾದುದು ಆ ಪ್ರಶ್ನೆಗೆ ಉತ್ತರಿಸುವ ಭಾರವನ್ನು ಯಾರ ಮೇಲೆ ಹೊರಿಸಿದರೆಂಬಲ್ಲಿ. ಸುರಿಯುವವನು ಅಪಾಯವಿಲ್ಲವೆಂದು ತೋರಿಸಬೇಕಾಗಿರಲಿಲ್ಲ. ಏಳಲಾರದ ಮಗುವನ್ನು ಎತ್ತಿಕೊಂಡ ತಾಯಿ ಅಪಾಯವಾಗಿದೆಯೆಂದು ತೋರಿಸಬೇಕಾಗಿತ್ತು. ಹಿಂದೆ ಸೊಪ್ಪಿನ ಹೊರೆ ಯಾರ ತಲೆಯ ಮೇಲಿತ್ತೋ ಹೆಚ್ಚು ಕಡಮೆ ಅದೇ ಮನೆಗಳ ಮೇಲೆ ಈ ಹೊರೆಯೂ ಬಿತ್ತು. ಗೇರುಬೀಜದ ಬೆಲೆಯಲ್ಲಿ ಆ ತಾಯಿಯ ಹೆಸರಿನಲ್ಲಿ ಒಂದು ಕಾಸೂ ಸೇರಿರಲಿಲ್ಲ.

ಒಂದು ಸಮಾಜ ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತದೆ ಎಂಬುದನ್ನು ಅದರ ಭಾಷಣಗಳಲ್ಲಿ ಹುಡುಕಬೇಕಾಗಿಲ್ಲ. ಅದರ ಬೇಸಾಯದ ಲೆಕ್ಕದಲ್ಲಿ ಯಾವ ಅಂಕಣ ಖಾಲಿಯಿದೆಯೆಂದು ನೋಡಿದರೆ ಸಾಕೆಂದು ನಮಗೆ ತೋರುತ್ತದೆ. ಕರ್ನಾಟಕ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಒಳ್ಳೆಯ ಮಾತು. ಆದರೆ 2018ರಿಂದೀಚೆಗೆ ಯೂರಿಯದ 45 ಕಿಲೋಗ್ರಾಂ ಮೂಟೆಗೆ ರೈತ ಕೊಡುವ ನಿಗದಿಯಾದ ಬೆಲೆ, ಬೇವಿನ ಲೇಪದ ಖರ್ಚು ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ಒಂದು ಆಳಿನ ಒಂದು ದಿನದ ಕೂಲಿಗಿಂತ ಕಡಮೆ! ಉಳಿದುದನ್ನು ಸರಕಾರ, ಎಂದರೆ ನಾವೆಲ್ಲರೂ, ಕಾರ್ಖಾನೆಗೆ ತುಂಬಿಕೊಡುತ್ತೇವೆ. ಮೂಟೆಗೆ ಇಷ್ಟು ಧಾರಾಳವಾಗಿ ಕೊಡುವ ನಾವು ಆ 165 ಹೊರೆಗಳಿಗೆ ಏನು ಕೊಡುತ್ತೇವೆ? ಸಾವಯವ ಬೇಸಾಯಕ್ಕೆ ಬೇಕಾದುದು ಹೆಚ್ಚಿನ ಪ್ರಚಾರವಲ್ಲ; ಸೊಪ್ಪು ಕಡಿಯುವ, ಗೊಬ್ಬರ ಹೊರುವ ಕೆಲಸಕ್ಕೆ ಮೂಟೆಗೆ ಸಿಗುವಂಥದೇ ಆಸರೆ ಎಂಬುದು ನಮ್ಮ ಅಭಿಪ್ರಾಯ. ಈ ಲೆಕ್ಕವನ್ನು ಮಾಡದೆ ಆಜ್ಞೆಯಿಂದಲೇ ಸಾವಯವವಾಗಲು ಹೊರಟ ಶ್ರೀಲಂಕೆಯ ಗತಿ ನಿಮಗೆ ತಿಳಿದಿದೆ. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ರೈತರು ಬೀದಿಗಿಳಿದ ಮೇಲೆ ಅದೇ ನವೆಂಬರಿನಲ್ಲಿ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಭತ್ತದ ಬೆಳೆ ಬಹಳವಾಗಿ ಕುಸಿದಿತ್ತು. ಸಿಕ್ಕಿಂ 2003ರಲ್ಲಿ ಹೊರಟು 2016ರಲ್ಲಿ ಗುರಿ ಮುಟ್ಟಿತು. ಅದು ಮೊದಲೇ ಗೊಬ್ಬರ ಕಡಮೆ ಬಳಸುತ್ತಿದ್ದ ಸಣ್ಣ ರಾಜ್ಯ.

ನಮ್ಮಲ್ಲಿಯೂ ದಾರಿ ತೋರುವವರು ಇಲ್ಲದಿಲ್ಲ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿಕಾರರಾಗಿದ್ದವರು. ಸಿಕ್ಕಿದ ಬೋಳುಗುಡ್ಡದಲ್ಲಿ ನೀರಿಗಾಗಿ ಹಗಲಿನ ಕೂಲಿ ಮುಗಿದ ಮೇಲೆ ಒಬ್ಬರೇ ಸುರಂಗ ಕೊರೆದರು. ಒಂದರ ಹಿಂದೊಂದು ಸುರಂಗ ಬರಿದಾದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟ ಬಂತು, 2022ರಲ್ಲಿ ಪದ್ಮಶ್ರೀಯೂ ಬಂತು. ಭೌತವಿಜ್ಞಾನದವರಾದ ನಮಗೆ ಇಲ್ಲಿ ಮೆಚ್ಚಿಗೆಯಾಗುವ ಅಂಶವೆಂದರೆ, ಆ ನೀರಿಗೆ ಪಂಪು ಬೇಡ. ಗುಡ್ಡದೊಳಗಿನ ಒರತೆ ಗುರುತ್ವಾಕರ್ಷಣದಿಂದಲೇ ಇಳಿದು ತೋಟಕ್ಕೆ ಬರುತ್ತದೆ. ಆದರೆ ಆ ಪಂಪಿಲ್ಲದ ನೀರಿನ ಹಿಂದೆ ಒಬ್ಬ ಮನುಷ್ಯನ ಎಷ್ಟು ಸಂಜೆಗಳಿವೆ! ಬೆಳ್ತಂಗಡಿಯ ಮಿತ್ತಬಾಗಿಲಿನ ಬಿ. ಕೆ. ದೇವರಾವ್ ನೂರಕ್ಕೂ ಹೆಚ್ಚು ಬಗೆಯ ಭತ್ತಗಳನ್ನು, ಕಾಸರಗೋಡಿನ ಸತ್ಯನಾರಾಯಣ ಬೇಳೇರಿ 650 ಬಗೆಗಳನ್ನು ಕಾಪಾಡಿಕೊಂಡು ಬಂದುದು ಸಹ ಸ್ವಂತ ಶ್ರಮದಿಂದಲೇ. ಬೇಳೇರಿಯವರಿಗೂ 2024ರಲ್ಲಿ ಪದ್ಮಶ್ರೀ ದೊರೆಯಿತು. ಇಂಥವರನ್ನು ಗೌರವಿಸುವುದು ಸಂತೋಷದ ಸಂಗತಿ. ಆದರೆ ಸಾವಿರಕ್ಕೊಬ್ಬ ಅಸಾಧಾರಣ ಮನುಷ್ಯನಿಗೆ ಮಾತ್ರ ಸಾಧ್ಯವಾಗುವ ಬೇಸಾಯವನ್ನು ಉಳಿದ 999 ಮಂದಿಗೆ ಬೋಧಿಸುವುದರಿಂದ ಪ್ರಯೋಜನ ಕಡಮೆ.

ಅವರಿವರ ಮಾತೇಕೆ? ಬಂಟ್ವಾಳದ ನಮ್ಮ ಮನೆಯಲ್ಲಿಯೇ ಎರಡು ತರಕಾರಿ ತೋಟಗಳಿವೆ. ಬಚ್ಚಲ ನೀರು ಹರಿಯುವಲ್ಲಿ ಬಸಳೆಯ ಚಪ್ಪರ, ನಾಲ್ಕು ಬದನೆ, ಒಂದಿಷ್ಟು ಹರಿವೆ. ಅದಕ್ಕೆ ಬೂದಿ, ಗಂಜಳ ಬಿಟ್ಟರೆ ಏನೂ ಇಲ್ಲ. ಆಚೆಯ ಮಜಲು ಗದ್ದೆಯಲ್ಲಿ ಚಿಕ್ಕಪ್ಪ ಪೇಟೆಗಾಗಿ ಬೆಳೆಸುವ ಅಲಸಂಡೆ, ಹಾಗಲ. ಅವಕ್ಕೆ ವಾರವಾರ ಮದ್ದು. ಆ ಅಲಸಂಡೆ ನಮ್ಮ ಅಡುಗೆಮನೆಗೆ ಎಂದೂ ಬಂದುದಿಲ್ಲ. ಚಿಕ್ಕವರಿದ್ದಾಗ ನಮಗೆ ಇದು ವಿಚಿತ್ರವೆಂದೇ ತೋರಿರಲಿಲ್ಲ. ಓದಿ, ನೌಕರಿ ಹಿಡಿದು, ಮೂಡುಬಿದಿರೆಯ ಅಂಗಡಿಯಲ್ಲಿ ಅಲಸಂಡೆಯ ಕಟ್ಟನ್ನು ಕೈಯಲ್ಲಿ ಹಿಡಿದಾಗ, ಇದು ಯಾರದೋ ಚಿಕ್ಕಪ್ಪನ ಆಚೆಯ ಗದ್ದೆಯದು ಎಂದು ಮೊದಲ ಬಾರಿಗೆ ಹೊಳೆಯಿತು. ಒಮ್ಮೆ ಚಿಕ್ಕಪ್ಪನನ್ನು ಕೇಳಿದೆವು. ಅವರು ಕೋಪಿಸಿಕೊಳ್ಳಲಿಲ್ಲ. “ಒಂದು ತೂತು ಇದ್ದರೆ ನಿಮ್ಮ ಪೇಟೆಯವರು ಆಚೆ ಎಸೆಯುತ್ತಾರೆ ಮಾರಾಯ. ನೀನು ಎಸೆಯುವುದಿಲ್ಲವೋ?” ಎಂದರು. ನಾವು ಎಸೆಯುತ್ತೇವೆ, ಆ ದಿನವೂ ಎಸೆದಿದ್ದೆವು. ದೃಢೀಕರಣದ ಮುದ್ರೆ ಬೇಕೆನ್ನುವುದು ಈ ಅಪನಂಬಿಕೆಯಿಂದಲೇ. 2001ರಿಂದ ನಮ್ಮ ದೇಶದಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಮೂರು ವರುಷ ಕಾಯಬೇಕು, ದಾಖಲೆ ಇಡಬೇಕು, ಶುಲ್ಕ ಕೊಡಬೇಕು. ವಿದೇಶಕ್ಕೆ ಕಳುಹಿಸುವವನಿಗೆ ಅದು ಪೂರೈಸುತ್ತದೆ. ಹತ್ತು ಕಟ್ಟು ಹರಿವೆ ಮಾರುವವಳಿಗೆ ಪೂರೈಸುವುದಿಲ್ಲ.

ವಿದ್ಯಾರ್ಥಿನಿಗೆ ನಾವು ಆ ದಿನ ಸಮಸ್ಥಾನಿಗಳ ಉತ್ತರವನ್ನಷ್ಟೇ ಕೊಟ್ಟು, ನಿಮ್ಮ ತೋಟಕ್ಕೆ ಒಂದು ವರುಷ ಯೂರಿಯ ಬಿಟ್ಟರೆ ಎಷ್ಟು ಹೊರೆ ಬೇಕು, ಅದನ್ನು ಹೊರುವವರು ಯಾರು, ಎಷ್ಟು ಖರ್ಚು ಎಂದು ಮನೆಯವರನ್ನು ಕೇಳಿ ಬರೆದು ತಾ ಎಂದಿದ್ದೆವು. ಮೂರು ವಾರದ ಮೇಲೆ ಹಾಳೆ ತಂದಳು. ಮರಗಳ ಸಂಖ್ಯೆ, ಸೊಪ್ಪಿನ ತೂಕ, ಹಟ್ಟಿಯಲ್ಲಿರುವ ಎರಡು ದನಗಳಿಂದ ಸಿಗುವುದೆಷ್ಟು, ಕೊಳ್ಳಬೇಕಾದುದೆಷ್ಟು, ಎಲ್ಲವನ್ನೂ ಗೆರೆ ಹಾಕಿ ಅಚ್ಚುಕಟ್ಟಾಗಿ ಬರೆದಿದ್ದಳು. ಹೊರಗಿನ ಆಳುಗಳ ಹೊರೆಗಳ ಮುಂದೆ ಕೂಲಿಯಿತ್ತು. ಹೆಚ್ಚಿನ ಹೊರೆಗಳು ‘ಅಮ್ಮ’ ಎಂಬ ಸಾಲಿನಲ್ಲಿದ್ದವು. ಅದರ ಮುಂದೆ ಒಂದು ಸಣ್ಣ ಅಡ್ಡಗೆರೆ. ಅದೇಕೆಂದು ಕೇಳಿದೆವು. “ಅಮ್ಮನಿಗೆ ಕೂಲಿ ಇಲ್ಲವಲ್ಲ ಸರ್” ಎಂದಳು. ಹೊರಗಿನವರಿಗೆ ಕೊಡುವ ದರದಲ್ಲಿಯೇ ಅದನ್ನೂ ತುಂಬಿಸಿ ಕೂಡಿಸು ಎಂದೆವು. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಕೂಡಿಸಿದಳು. ಬಂದ ಮೊತ್ತವನ್ನು ಒಮ್ಮೆ ನೋಡಿ, ತಪ್ಪಾಯಿತೇನೋ ಎಂದು ಮೊದಲಿನಿಂದ ಮತ್ತೊಮ್ಮೆ ಕೂಡಿಸಿದಳು. ಅಷ್ಟೇ ಬಂತು.